ಗೋಕಾಕದಿಂದ ಐಹೊಳಿತನ, ಮಾವನ ಜೋಡಿ ನಾಲ್ಕು ದಿನ ಉಸುಕುಗಲ್ಲು ನೋಡಿದ್ದು

ದಿನ 1, ಗೋಕಾಕ ಫಾಲ್ಸ್

ನಾನು ಧಾರವಾಡದಾಗ ಜಿಯಾಲಜಿ ಎಂ.ಎಸ್ಸಿ ಮುಗಿಸಿ ಹನ್ನೊಂದು ವರ್ಷ ಆತು, ಈಗ ಬೆಳಗಾವಿಯೊಳಗ ಬ್ಯಾಂಕ್ ನೌಕರಿ, ಕಲ್ಲಿನ ಸಂಬಂಧ ಅಂತ ಉಳಿದಿದ್ದು ಕಪಾಟಿನ್ಯಾಗಿನ ಒಂದು ಹ್ಯಾಂಡ್ ಲೆನ್ಸ್ ಅಷ್ಟ. ನಮ್ಮ ಸೋದರಮಾವ ಗುಳೇದಗುಡ್ಡದಾಗ ನಲವತ್ತು ವರ್ಷ ಕಲ್ಲಿನ ಕೆಲಸ ಮಾಡಿದಾವ, ಈಗ ಮೊಳಕಾಲು ನೋವು ಅಂತ ಬಿಟ್ಟಾನ. ಮದುವಿಗೆ ಅಂತ ಬೆಳಗಾವಿಗೆ ಬಂದಾಗ ನನ್ನ ಹಳೇ ಪುಸ್ತಕ ತಿರುವಿ ಹಾಕಕೋತ "ಯವ್ವಾ, ನೀ ಓದಿದ್ದೂ ಅದ ಕಲ್ಲು, ನಾ ಒಡದದ್ದೂ ಅದ ಕಲ್ಲು, ಒಮ್ಮಿ ಜೋಡಿಲೆ ನೋಡೂಣಲ್ಲ" ಅಂದ. ಆ ಮಾತು ಮನಸ್ಸಿನ್ಯಾಗ ಕುಂತುಬಿಡ್ತು. ನಾಲ್ಕು ದಿನ ರಜಾ ಹಾಕಿ, ಅವನ್ನ ಊರಿಗೆ ಬಿಡೋ ನೆಪದಾಗ ಕಾರ್ ತಗೊಂಡು ಹೊಂಟ್ವಿ.

ಗೋಕಾಕಕ್ಕ ಎಲ್ಲಾರೂ ಮಳಿಗಾಲದಾಗ ಹೋಗ್ತಾರ, ನೀರು ನೋಡಾಕ. ನಾವು ಹೋಗಿದ್ದು ಡಿಸೆಂಬರ್ ಕೊನಿಗೆ, ಘಟಪ್ರಭಾ ಒಂದು ಮೂಲ್ಯಾಗ ತೆಳ್ಳಗ ಇಳೀತಿತ್ತು, ನನಗ ಬೇಕಾಗಿದ್ದೂ ಅದ, ಯಾಕಂದ್ರ ನೀರಿಲ್ಲದಾಗ ಆ 52 ಮೀಟರ್ ಗ್ವಾಡಿ ಪೂರಾ ಕಾಣತೈತಿ. ಒಂದರ ಮ್ಯಾಲ ಒಂದು ಅಡ್ಡ ಪದರ, ನಡುನಡುವ ಉದ್ದಕ ನೆಟ್ಟಗ ಸೀಳಿದ ಬಿರುಕು. ನೀರು ಬುಡಕ್ಕ ಬಿದ್ದು ಕೆಳಗಿನ ಪದರ ಕೊರಿತೈತಿ, ಮ್ಯಾಲಿನ ಕಲ್ಲಿಗೆ ಆಧಾರ ತಪ್ಪಿ ಆ ಬಿರುಕಿನ ಗುಂಟ ಕಳಚಿ ಬೀಳತೈತಿ, ಹಂಗಾಗಿ ಗ್ವಾಡಿ ಇಳಿಜಾರ ಆಗದ ಕಡದಂಗ ನಿಂತೈತಿ. ಇದ ನೀರಿನ ಬಲದ ಮ್ಯಾಲ ಹತ್ತೊಂಬತ್ತನೇ ಶತಮಾನದ ಕೊನಿಗೆ ಗೋಕಾಕ ಮಿಲ್ಲು ನಡಸಿದ್ರು ಅಂತ ಮಾವಗ ಹೇಳಿದೆ. ಅಂವ ಕೇಳಿಸಿಕೊಂಡನೋ ಇಲ್ಲೋ, ಕಣ್ಣು ಕಲ್ಲಿನ ಮ್ಯಾಲ ಇತ್ತು.

ನಾನು ಕಾರಿನ್ಯಾಗ ಬರೂಮುಂದನ ನೋಟ್‌ಬುಕ್ಕಿನ್ಯಾಗ "ಗೋಕಾಕ, ಕ್ವಾರ್ಟ್ಜೈಟ್" ಅಂತ ಬರದ ಇಟ್ಟಿದ್ದೆ. ಮಾವ ಅದನ್ನ ಓದಿ, "ನೋಡೋಕಿಂತ ಮೊದಲ ಹೆಸರು ಇಟ್ಟಿಯಲ್ಲ?" ಅಂದ. ಸಿಟ್ಟಿಲೆ ಅಂದಿದ್ದಲ್ಲ, ಖರೇನ ಕೇಳಿದ್ದು. ನನಗ ಕಾಲೇಜಿನ್ಯಾಗ ಮೊದಲ ಫೀಲ್ಡ್ ಟ್ರಿಪ್ಪಿನ್ಯಾಗ ಸರ್ ಹೇಳಿಕೊಟ್ಟಿದ್ದೂ ಅದನ್ನ: ಮೊದಲು ಡಿಸ್ಕ್ರಿಪ್ಶನ್, ಆಮ್ಯಾಲ ಕ್ಲಾಸಿಫಿಕೇಶನ್. ಬಣ್ಣ ಏನು, ಒಡದ ಹೊಸಾ ಮುಖದ ಬಣ್ಣ ಬ್ಯಾರೆ ಬಿಸಲಿಗೆ ಬಿದ್ದ ಮುಖದ ಬಣ್ಣ ಬ್ಯಾರೆ, ಎರಡೂ ಬರೀಬೇಕು. ಕಾಳು ಎಷ್ಟು ದಪ್ಪ, ಎಲ್ಲಾ ಒಂದ ಅಳತಿ ಅದಾವೋ ಸಣ್ಣವು ದೊಡ್ಡವು ಕಲತಾವೋ, ಮೂಲಿ ಚೂಪ ಅದಾವೋ ಸವದು ದುಂಡಗ ಆಗ್ಯಾವೋ, ಕಾಳಿಗೆ ಕಾಳು ಅಂಟಿಸಿದ್ದು ಏನು, ಪದರ ಎಷ್ಟು ದಪ್ಪ, ಯಾವ ಕಡೆ ವಾಲೇತಿ. ಇಷ್ಟು ಬರದ ಮ್ಯಾಲ ಹೆಸರಿನ ಮಾತು. ಆ ಸಾಲು ಹೊಡದು ಹಾಕಿ ಹೊಸಾ ಪುಟ ತಗದೆ.

ದಾರಿ ಬದಿ ಬಿದ್ದಿದ್ದ ಒಂದು ತುಂಡು ಎತ್ತಿ ಮಾವ ಇನ್ನೊಂದು ಕಲ್ಲಿಲೆ ಕುಟ್ಟಿದ. ಖಣ್ ಅಂತು, ಕಬ್ಬಿಣ ಬಡದಂಗ. ಒಡದ ಮುಖಕ್ಕ ಲೆನ್ಸ್ ಹಿಡದ್ರ ಒಡಕು ಕಾಳಿನ ನಡುವ ಹಾಯ್ದು ಹೋಗೇತಿ, ಕಾಳನ್ನ ಸುತ್ತಿ ಹೋಗಿಲ್ಲ. ಅಂದ್ರ ಕಾಳು ಎಷ್ಟು ಗಟ್ಟಿನೋ ಅವನ್ನ ಹಿಡದ ಸಿಲಿಕಾ ಸಿಮೆಂಟೂ ಅಷ್ಟ ಗಟ್ಟಿ. ಇದಕ್ಕ ಕ್ವಾರ್ಟ್ಜೈಟ್ ಅಂತ ಕರೆಯೋದು ರೂಢಿ, ಖರೆ, ಆದ್ರ ಭಾಳ ಮಂದಿ ತಿಳಕೊಂಡಂಗ ಇದು ಕಾವಿಗೆ ಒತ್ತಡಕ್ಕ ಬೆಂದು ಮಾರ್ಪಟ್ಟ ಕಲ್ಲಲ್ಲ, ಉಸುಕ ಸಿಲಿಕಾದಿಂದ ಗಟ್ಟಿ ಬೆಸದುಕೊಂಡಿದ್ದು, ಅದಕ್ಕ ಆರ್ಥೋಕ್ವಾರ್ಟ್ಜೈಟ್ ಅಂತಾರ. ಹೆಸರು ಕಡೀಕ ಅದ ಬಂತು. ಆದ್ರ ಈಗ ಯಾಕ ಅಂತ ಕೇಳಿದ್ರ ಕಾರಣ ಹೇಳಬಲ್ಲೆ.

ಸಂಜಿ ಮುಂದ ಗೋಕಾಕದಾಗ ಕರದಂಟು ಕಟ್ಟಿಸಿಕೊಂಡು ಅಲ್ಲೇ ವಸ್ತಿ. ಗೋಕಾಕ ಸೀಮಿಯೊಳಗ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಜಿಯಾಲಜಿಸ್ಟ್‌ಗ ಖಡ್ಗಮೃಗದ ಹಳೇ ಎಲುಬು ಸಿಕ್ಕಿದ್ದು, ಇದ ಫೂಟ್ 1876ರಾಗ ಈ ಭಾಗದ ಕಲ್ಲಿನ ಬಗ್ಗೆ ದೊಡ್ಡ ವರದಿ ಬರದು ಕಲಾದಗಿ ಅನ್ನೋ ಹೆಸರಿಲೆ ಇವನ್ನ ವಿಂಗಡ ಮಾಡಿದ್ದು, ಎಲ್ಲಾ ರಾತ್ರಿ ಊಟದಾಗ ಹೇಳಿದೆ. ಕಲಾದಗಿ ಅಂದ್ರ ದಾಳಿಂಬ್ರಿ ಅಂತ ಗೊತ್ತಿದ್ದ ಮಾವಗ ಆ ಸಣ್ಣ ಊರಿನ ಹೆಸರು ಜಗತ್ತಿನ ಜಿಯಾಲಜಿ ಪುಸ್ತಕದಾಗ ಐತಿ ಅಂದ ಕೂಡ್ಲೆ ಮುಖ ಅರಳ್ತು. ಎರಡು ಸಲ ಕೇಳಿದ, ಖರೇನ ಅಂತ.

ದಿನ 2, ಸವದತ್ತಿ, ನವಿಲುತೀರ್ಥ, ರಾಮದುರ್ಗ

ಮುಂಜಾನೆ ಬೇಗ ಬಿಟ್ವಿ. ಯಲ್ಲಮ್ಮನ ಗುಡ್ಡಕ್ಕ ಕೈ ಮುಗದು ನವಿಲುತೀರ್ಥದ ಕಡೆ. ಮಲಪ್ರಭಾ ಇಲ್ಲೆ ಗುಡ್ಡ ಸೀಳಿಕೊಂಡು ಹಾಯ್ತೈತಿ, ಅದ ಸಂದಿಗೆ ಆಣೆಕಟ್ಟು ಕಟ್ಟ್ಯಾರ, ಎರಡೂ ಬಾಜೂ ಗಟ್ಟಿ ಕಲ್ಲು ಸಿಕ್ಕಿದ್ದಕ್ಕನ ಆ ಜಾಗ. ಜಿಯಾಲಜಿಸ್ಟ್‌ಗಳ ಪಟ್ಟಿಯೊಳಗ ಈ ಕಲ್ಲಿಗೆ ಸವದತ್ತಿ ಕ್ವಾರ್ಟ್ಜೈಟ್ ಅಂತನ ಹೆಸರು, ಬಾಗಲಕೋಟ ಗ್ರೂಪಿನ ಬುಡದ ಕಡೆಯದು.

ಇಲ್ಲೆ ಮಾವಗ ಪೂರಾ ಮನಿತನದ ಲೆಕ್ಕ ಹೇಳಬೇಕಾತು. ಎಲ್ಲಾ ಕೂಡಿ ಕಲಾದಗಿ ಸೂಪರ್‌ಗ್ರೂಪ್. ಅದರೊಳಗ ಎರಡು ಪಾಲು, ಕೆಳಗ ಬಾಗಲಕೋಟ ಗ್ರೂಪ್, ಮ್ಯಾಲ ಬಾದಾಮಿ ಗ್ರೂಪ್. ಕೆಳಗಿನದು ನೂರು ಕೋಟಿ ವರ್ಷಕ್ಕಿಂತ ಹಳೇದು, ಅದರಾಗ ಉಸುಕುಗಲ್ಲು, ಶೇಲ್ ಅನ್ನೋ ಜೇಡಿ ಪದರಗಲ್ಲು, ಲೋಕಾಪುರ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಬೇಕಾಗೋ ಸುಣ್ಣದಗಲ್ಲು, ಎಲ್ಲಾ ಅದಾವ. ಅದು ಆದ ಮ್ಯಾಲ ನೆಲ ಒತ್ತಿ ಮಡಿಚಿಕೊಂತು, ಮ್ಯಾಲೆದ್ದು ಸವೀತು, ಭಾಳ ಕಾಲ ಹಂಗ ಬಿದ್ದಿತ್ತು, ಆಮ್ಯಾಲ ಹೊಸದಾಗಿ ಉಸುಕು ಬಂದು ಕುಂತಿದ್ದು ಬಾದಾಮಿ ಗ್ರೂಪ್. ಬಾಯಿಲೆ ಹೇಳಿದ್ರ ತಿಳಿಲಿಲ್ಲ. ಹೆಗಲ ಮ್ಯಾಲಿನ ಟವೆಲ್ ಇಸಕೊಂಡು ಕಾರಿನ ಬಾನೆಟ್ ಮ್ಯಾಲ ನೆರಿಗಿ ಮಾಡಿ, ನೆರಿಗಿ ತುದಿ ಕತ್ತರಿಸಿ ಸಪಾಟ ಮಾಡಿದಂಗ ತಿಳಕೊ ಅಂತ ಹೇಳಿ, ಅದರ ಮ್ಯಾಲ ನೋಟ್‌ಬುಕ್ ಅಡ್ಡ ಇಟ್ಟೆ. ಟವೆಲ್ ಬಾಗಲಕೋಟ, ನೋಟ್‌ಬುಕ್ ಬಾದಾಮಿ. ಅಂವ ಟವೆಲ್ಲಿಗೂ ನೋಟ್‌ಬುಕ್ಕಿಗೂ ನಡುವ ಬೆರಳು ತೂರಿಸಿ, "ಈ ಸಂದಿಯೊಳಗ ಎಷ್ಟು ವರ್ಷ ಹೋಗ್ಯಾವ?" ಅಂದ. ಕೋಟಿ ಕೋಟಿ ವರ್ಷ ಅಂದೆ. ನಮಗ ಕಾಲೇಜಿನ್ಯಾಗ ಅನ್‌ಕನ್ಫಾರ್ಮಿಟಿ ಅಂತ ಮೂರು ಕ್ಲಾಸ್ ತಗೊಂಡಿದ್ರು, ಇಂವ ಒಂದು ಬೆರಳಿಲೆ ತೋರಿಸಿದ.

ರಾಮದುರ್ಗದ ದಾರಿ ಚಲೋ ಐತಿ, ಎಡಕ್ಕ ಬಲಕ್ಕ ಗುಡ್ಡದ ಸಾಲು. ಒಂದು ಕಡೆ ರೋಡ್ ಕಡದಲ್ಲಿ ಕಾಂಗ್ಲೋಮರೇಟ್ ಸಿಕ್ತು, ಉಸುಕಿನ ನಡುವ ಲಿಂಬಿಹಣ್ಣಿನಷ್ಟು, ಕೆಲವು ಮುಷ್ಟಿಯಷ್ಟು, ದುಂಡಗ ಸವದ ಬೆಣಚುಕಲ್ಲು. 2 ಮಿಲಿಮೀಟರ್ ದಾಟಿದ್ರ ಉಸುಕಲ್ಲ, ಅದು ಗರಸು, ಹಳ್ಳು, ಅಂಥಾ ದುಂಡನೆ ಹಳ್ಳು ಕೂಡಿ ಕಲ್ಲಾದ್ರ ಕಾಂಗ್ಲೋಮರೇಟ್. ಮಿಲಿಮೀಟರಿನ ಹದಿನಾರನೇ ಪಾಲಿನಿಂದ 2 ಮಿಲಿಮೀಟರ್ ತನಕ ಉಸುಕು, ಅದಕ್ಕಿಂತ ಸಣ್ಣದು ಹೂಳು, ಜೇಡಿ. "ನಮ್ಮ ಸಾರಣಿಗಿ ಲೆಕ್ಕನ ಅಲ್ಲೇನವಾ ಇದು" ಅಂದ ಮಾವ. ಹೌದು, ಗಿಲಾವಿಗೆ ಬ್ಯಾರೆ ಜರಡಿ, ಕಾಂಕ್ರೀಟಿಗೆ ಬ್ಯಾರೆ ಜರಡಿ, ಅದ ಲೆಕ್ಕ.

ಸಂಜಿ ಆರಕ್ಕ ಬಾದಾಮಿ. ಕಣ್ಣಿಗೆ ಮೊದಲು ಬಿದ್ದಿದ್ದು ಬಣ್ಣ. ಅಲ್ಲೀತನ ಬೂದಿ, ಬಿಳಿ, ಹಳದಿ ನೋಡಕೋತ ಬಂದ ಕಣ್ಣಿಗೆ ಮುಳುಗೋ ಬಿಸಲಿನ್ಯಾಗ ಆ ಕೆಂಪು ಗ್ವಾಡಿ ಕಂಡಾಗ ಕಾರು ಬದಿಗೆ ಹಚ್ಚಿ ಸುಮ್ಮನ ಕುಂತ್ವಿ.

ದಿನ 3, ಬಾದಾಮಿ

ಇಡೀ ದಿನ ಬಾದಾಮಿಗೆ ಇಟ್ಟಿದ್ದೆ, ಆದರೂ ಕಮ್ಮಿ ಬಿತ್ತು.

ಗುಡಿ ಗುಹೆ ಯಾವುದನ್ನೂ ಮುಟ್ಟಬಾರದು, ಕೆರೀಬಾರದು ಅಂತ ನಾವ ಕಟ್ಟುನಿಟ್ಟ ಮಾಡಿಕೊಂಡಿದ್ವಿ, ಸುತ್ತಿಗಿ ಕಾರಿನ್ಯಾಗನ ಬಿಟ್ಟು ಹೋದ್ವಿ. ಊರ ಹೊರಗ ಬಿದ್ದಿದ್ದ ಒಂದು ತುಂಡು ಮುಂಜಾನೆನ ನೋಡಿ ಇಟ್ಟಿದ್ವಿ. ಗೋಕಾಕದ ತುಂಡಿನ ಜೋಡಿ ಇಟ್ಟು ನೋಡಿದ್ರ ವ್ಯತ್ಯಾಸ ಕಣ್ಣಿಗೆ ಹೊಡಿತೈತಿ. ಇದು ಖಣ್ ಅನ್ನಂಗಿಲ್ಲ, ಮೆತ್ತಗ ಸಪ್ಪಳ. ಒಡಕು ಕಾಳನ್ನ ಸುತ್ತಿ ಹೋಗೇತಿ, ಹೆಬ್ಬೆರಳಿಲೆ ತಿಕ್ಕಿದ್ರ ಒಂದೆರಡು ಕಾಳು ಉದುರತಾವ. ಲೆನ್ಸಿನ್ಯಾಗ ನೋಡಿದ್ರ ಕಾಳು ಗಾಜಿನಂಗ ತಿಳಿ, ಮೂಲಿ ಸವದಾವ, ಪ್ರತಿ ಕಾಳಿಗೂ ತೆಳ್ಳಗ ಕೆಂಪು ಸವರಿದಂಗ ಕಬ್ಬಿಣದ ತುಕ್ಕು. ಕಲ್ಲು ಕೆಂಪಲ್ಲ, ಕಾಳು ಬೆಳ್ಳಗನ ಅದಾವ, ಮ್ಯಾಲಿನ ಹೊದಿಕಿ ಕೆಂಪು. ಮಾವ ನಲವತ್ತು ವರ್ಷ ಕೆಂಪುಕಲ್ಲು ಕಡದಾಂವ, ಇದನ್ನ ಅವತ್ತ ಮೊದಲ ಸಲ ನೋಡಿದ. ಲೆನ್ಸ್ ಕೊಡಲೇ ಇಲ್ಲ ಭಾಳ ಹೊತ್ತು.

ಇನ್ನ ವರ್ಗೀಕರಣ. ಉಸುಕುಗಲ್ಲಿನ್ಯಾಗ ಮೊದಲು ನೋಡೋದು ಕಾಳಿನ ನಡುವ ಜೇಡಿ ಎಷ್ಟೈತಿ ಅಂತ. ನೂರಕ್ಕ ಹದಿನೈದರ ಮ್ಯಾಲ ಜೇಡಿ ಇದ್ರ ಅದು ವ್ಯಾಕೆ, ಹೊಲಸು ಉಸುಕು ಅಂದಂಗ. ಕಮ್ಮಿ ಇದ್ರ ಅರೆನೈಟ್, ತೊಳದ ಉಸುಕು. ಆಮ್ಯಾಲ ಕಾಳು ಯಾವ ಜಾತಿ ಅಂತ ಎಣಿಸಬೇಕು. ನೂರಕ್ಕ 95ಕ್ಕಿಂತ ಹೆಚ್ಚು ಪಾಲು ಬೆಣಚು, ಅಂದ್ರ ಕ್ವಾರ್ಟ್ಜ್, ಇದ್ರ ಕ್ವಾರ್ಟ್ಜ್ ಅರೆನೈಟ್, ಫೆಲ್ಡ್‌ಸ್ಪಾರ್ ಅನ್ನೋ ಇನ್ನೊಂದು ಜಾತಿ ಕಾಳು 25 ದಾಟಿದ್ರ ಆರ್ಕೋಸ್, ನಡುವಿಂದು ಸಬ್‌ಆರ್ಕೋಸ್. ಫೆಲ್ಡ್‌ಸ್ಪಾರ್ ಗುರುತು ಹಿಡಿಯೋದು ಹ್ಯಾಂಗಂದ್ರ ಕಲ್ಲು ಬಿಸಲಿಗೆ ಹಿಡದು ಸಣ್ಣಗ ತಿರುಗಿಸಬೇಕು, ಸಪಾಟ ಮುಖ ಒಮ್ಮಿಗೆ ಫಳ್ ಅಂದು ಮತ್ತ ಆರತೈತಿ, ಬೆಣಚು ಹಂಗ ಮಾಡಂಗಿಲ್ಲ. ಭಾಳ ಕಡೆ ಫೆಲ್ಡ್‌ಸ್ಪಾರ್ ಕೊಳತು ಸುಣ್ಣದಂಗ ಬಿಳಿ ಜೇಡಿ ಚುಕ್ಕಿ ಆಗಿರತೈತಿ. ನಮ್ಮ ತುಂಡಿನ್ಯಾಗ ಒಂದು ಚೌಕ ಇಂಚು ಗುರುತು ಮಾಡಿ ನಾನೂ ಮಾವನೂ ಬ್ಯಾರೆ ಬ್ಯಾರೆ ಎಣಿಸಿದ್ವಿ, ನೂರು ಕಾಳಿಗೆ ನನಗ ಆರು ಬಿಳಿ ಚುಕ್ಕಿ, ಅವಗ ಒಂಬತ್ತು. ಎಡ್ಡೂ ಲೆಕ್ಕದಾಗ ಸಬ್‌ಆರ್ಕೋಸ್ ಕಡೆನ ಬಂತು. ಖಾತ್ರಿ ಹೇಳಬೇಕಂದ್ರ ತೆಳ್ಳಗ ಕೊಯ್ದು ಮೈಕ್ರೋಸ್ಕೋಪಿನ ಕೆಳಗ ಇಡಬೇಕು, ಕೈಯಾಗಿನ ಲೆನ್ಸಿಗೆ ಇಷ್ಟು ಸಾಕು. ಈ ಪದರದ ಅಧಿಕೃತ ಹೆಸರು ಕೇವ್ ಟೆಂಪಲ್ ಅರೆನೈಟ್, ಅಂದ್ರ ಗುಹಾ ದೇವಾಲಯದ ಅರೆನೈಟ್. ಇದರ ಬುಡಕ್ಕ ಕೆಂದೂರ ಕಾಂಗ್ಲೋಮರೇಟ್, ಮ್ಯಾಲ ಶೇಲ್ ಮತ್ತ ಇನ್ನೊಂದು ಅರೆನೈಟ್, ಇವೆಲ್ಲಾ ಕೂಡಿ ಕೆರೂರ ಫಾರ್ಮೇಶನ್. ನಮ್ಮ ಬಸ್ ಸ್ಟಾಪಿನ ಊರಿನ ಹೆಸರೆಲ್ಲಾ ಕಲ್ಲಿಗೆ ಅದಾವ, ಓದೂಮುಂದ ಹೆಮ್ಮಿ ಅನಸ್ತೈತಿ.

ಒಂದನೇ ಗುಹೆಯ ಹದಿನೆಂಟು ಕೈ ನಟರಾಜನ ಮುಂದ ಮಂದಿ ಭಾಳ ಇದ್ರು, ನಿಂತು ಕೈ ಮುಗದು ಮುಂದ ಹೋದ್ವಿ. ನಾ ತೋರಸಬೇಕು ಅಂದುಕೊಂಡಿದ್ದು ಮೂರನೇ ಗುಹೆಯ ಆಚೆ ಈಚೆ, ಕೆತ್ತನಿ ಇಲ್ಲದ ಬರೀ ಬಂಡಿ. ಮಂದಿ ಅದಕ್ಕ ಬೆನ್ನು ಹಚ್ಚಿ ನಿಂತು ಫೋಟೋ ತಗೋತಾರ, ತಿರುಗಿ ನೋಡೋರು ಯಾರೂ ಇಲ್ಲ. ಅಲ್ಲಿ ದೊಡ್ಡ ಪದರ ಅಡ್ಡ ಅದಾವ, ಆದ್ರ ಒಂದ ಪದರದ ಒಳಗ ಹತ್ತಿಪ್ಪತ್ತು ತೆಳು ಗೆರಿ ಓರಿಯಾಗಿ ಇಳದಾವ, ಮ್ಯಾಲ ಕತ್ತರಿಲೆ ಕತ್ತರಿಸಿದಂಗ ನಿಲ್ಲತಾವ, ಅದರ ಮ್ಯಾಲ ಮತ್ತ ಅಡ್ಡ ಗೆರಿ, ಮತ್ತ ಓರಿ. ನಾನು ಮುಟ್ಟದಂಗ ಗೇಣು ಹಿಡದು ಅಳದೆ, ಒಂದು ಕಂತು ಒಂದೂವರಿ ಗೇಣು. ಇದಕ್ಕ ಕ್ರಾಸ್ ಬೆಡ್ಡಿಂಗ್ ಅಂತಾರ. ಹೊಳಿಯೊಳಗ ಉಸುಕಿನ ದಿಬ್ಬ ನೀರಿನ ಸೆಳವಿಗೆ ಮುಂದ ಸರೀತಿರತೈತಿ, ದಿಬ್ಬದ ಮುಂದಿನ ಇಳಿಜಾರಿಗೆ ಉಸುಕು ಜಾರಿ ಜಾರಿ ಬಿದ್ದು ಒಂದೊಂದು ಓರೆ ಗೆರಿ ಆಗತೈತಿ, ಆಮ್ಯಾಲ ಜೋರು ನೀರು ಬಂದ್ರ ದಿಬ್ಬದ ನೆತ್ತಿ ಕೊಚ್ಚಿ ಹೋಗತೈತಿ, ಅದರ ಮ್ಯಾಲ ಹೊಸಾ ದಿಬ್ಬ. ಓರೆ ಗೆರಿ ಯಾವ ಕಡೆ ಇಳದಾವೋ ನೀರು ಆ ಕಡೆ ಹರದಿತ್ತು. ಮಾವ ಆ ಗ್ವಾಡಿ ಮುಂದ ನಿಂತು ಕೈಯಿಲೆ ಹೊಳಿ ಹರಿಯೋ ದಿಕ್ಕು ಮಾಡಿ ತೋರಿಸಿದ. ಗಿಡ ಇಲ್ಲ, ಹುಲ್ಲಿಲ್ಲ, ಹುಳ ಇಲ್ಲ, ನೆಲದ ಮ್ಯಾಲ ಬೇರು ಹಿಡಿಯೋ ಒಂದು ಕಡ್ಡಿ ಇಲ್ಲದ ಕಾಲ ಅದು. ಹಂಗಾಗಿ ದಂಡಿ ಹಿಡದು ನಿಲ್ಲಿಸೋದು ಏನೂ ಇಲ್ಲದ ಹೊಳಿ ಅಗಲಕ ಹರಡಿ, ನೂರು ಕವಲಾಗಿ ಜಡಿ ಹೆಣದಂಗ ಹರೀತಿತ್ತು.

ಮುಂದ ಒಂದು ಕಂಬದ ಹತ್ರ ಮಾವ ನನ್ನ ಕರದು, "ಇವೂ ನೀರಿನ ಗೆರಿನ ಏನು?" ಅಂತ ಕೇಳಿದ. ಕೆಂಪು ಬಿಳಿ ಗೆರಿ, ಹಲಸಿನ ಹಲಗಿ ಕೊಯ್ದಾಗ ಕಾಣತಾವಲ್ಲ ಹಂಗ, ಸುತ್ತಿ ಬಳಕಿ ಹೋಗ್ಯಾವ. ಹೌದು ಅನ್ನಾಕ ಬಾಯಿ ತಗದಾಕಿ ಗೋಕಾಕ ನೆನಪಾಗಿ ತಡದೆ, ಮತ್ತ ನೋಡಿದೆ. ಈ ಬಣ್ಣದ ಗೆರಿ ಪದರದ ಗೆರಿಯನ್ನ ಅಡ್ಡ ದಾಟಿ ಹೋಗ್ಯಾವ. ಪದರ ಉಸುಕು ಕುಂತಾಗ ಆಗಿದ್ದು, ದಾಟಿ ಹೋಗಿದ್ದು ಅದರ ನಂತರದ್ದ ಆಗಬೇಕು. ಕಲ್ಲಾದ ಮ್ಯಾಲ ಒಳಗ ಇಂಗಿದ ನೀರಿನ್ಯಾಗಿನ ಕಬ್ಬಿಣ ಉಂಗುರ ಉಂಗುರ ಆಗಿ ಕುಂತು ಆಗಿದ್ದು, ಲೀಸೆಗಾಂಗ್ ಪಟ್ಟಿ ಅಂತಾರ. ಬಣ್ಣ ಹಿಡದು ಪದರ ಎಣಿಸಿದ್ರ ಪೂರಾ ಲೆಕ್ಕ ತಪ್ಪತೈತಿ. ಶಿಲ್ಪಿಗಳಿಗೆ ಈ ಗೆರಿ ಬೇಕಾಗಿದ್ವೋ ಅಡ್ಡಿ ಆಗಿದ್ವೋ ಗೊತ್ತಿಲ್ಲ, ಆದ್ರ ಕಂಬದ ದುಂಡಿಗೆ ಆ ಗೆರಿ ಸುತ್ತೋದು ನೋಡಿದ್ರ ಕಣ್ಣು ತಗಿಯಾಕ ಆಗಂಗಿಲ್ಲ.

ಇದ ಗುಹೆಯೊಳಗ ಮಂಗಳೇಶ ಹಾಕಿಸಿದ ಶಾಸನ ಐತಿ, ಕ್ರಿ.ಶ. 578ರದು. ಮಾವ ಓದಾಕ ಹೋಗಲಿಲ್ಲ, ತಲಿ ಎತ್ತಿ ಮಾಡು ನೋಡಕೋತ ನಿಂತ. ಆಮ್ಯಾಲ ಹೇಳಿದ, ಕಡದಾಂವ ಪದರ ನೋಡಿ ಕಡದಾನ, ಮಾಡಿಗೆ ದಪ್ಪ ಅಖಂಡ ಪದರ ಬಿಟ್ಟಾನ, ಬಿರುಕು ಕಂಬಕ್ಕ ಬರದಂಗ ಕಂಬದ ಜಾಗ ಹಿಡದಾನ. ನನ್ನ ಕ್ಲಾಸಿನ ಯಾವ ನೋಟ್ಸಿನ್ಯಾಗೂ ಇಂಥಾ ಮಾತು ಇರಲಿಲ್ಲ, ಅದನ್ನ ಹಂಗ ಬರಕೊಂಡೆ.

ಮಧ್ಯಾಹ್ನ ಬನಶಂಕರಿಗೆ ಹೋದ್ವಿ, ಬನದ ಹುಣ್ಣಿವಿ ಜಾತ್ರಿಗೆ ಇನ್ನೂ ದಿನ ಇತ್ತು, ಗದ್ದಲ ಇರಲಿಲ್ಲ. ಗುಡಿ ಮುಂದ ಬುಟ್ಟಿ ಹೊತ್ತು ಬಂದ ಅಜ್ಜಿ ಕಡೆ ಖಡಕ್ ರೊಟ್ಟಿ, ಮಡಕಿಕಾಳ ಪಲ್ಯ, ಶೇಂಗಾ ಚಟ್ನಿ, ಗಡಿಗಿ ಮೊಸರು. ಬಾದಾಮಿಯ ಉತ್ತರದ ಕ್ವಾಟಿ ಏರೋದು ಮಾವನ ಮೊಳಕಾಲಿಗೆ ಆಗಲಿಲ್ಲ, ನಾ ಒಬ್ಬಾಕಿನ ಏರಿದೆ. ಎರಡು ಬಂಡಿ ನಡುವಿನ ಆ ಇಕ್ಕಟ್ಟು ಸಂದಿ, ಅದು ಕಲ್ಲು ಕಡದು ಮಾಡಿದ್ದಲ್ಲ, ಉದ್ದಕ ಸೀಳಿದ ಬಿರುಕು ಮಳಿ ನೀರಿಗೆ ಅಗಲಾಗಿದ್ದು, ಮೆಟ್ಟಿಲ ಅಷ್ಟ ಮನುಷ್ಯಾರು ಮಾಡಿದ್ದು. ಗೋಕಾಕದ ಗ್ವಾಡಿ ನಿಲ್ಲಿಸಿದ ಬಿರುಕಿನ ಜಾತಿನ ಇಲ್ಲಿ ದಾರಿ ಆಗೇತಿ. ಮ್ಯಾಲಿನಿಂದ ಅಗಸ್ತ್ಯ ತೀರ್ಥ, ಆಚೆ ಗುಹೆ, ಕೆಳಗ ಕೆರಿ ದಂಡಿ ಮ್ಯಾಲ ಅರಬಿ ಒಗಿಯೋ ಸಪ್ಪಳ, ಅದು ಎದುರಿನ ಗ್ವಾಡಿಗೆ ಬಡದು ತಿರುಗಿ ಬರತಿತ್ತು.

ದಿನ 4, ಪಟ್ಟದಕಲ್ಲು, ಐಹೊಳಿ

ಪಟ್ಟದಕಲ್ಲಿನ್ಯಾಗ ಶಾಲಿ ಮಕ್ಕಳ ಬಸ್ಸು ಹತ್ತಿಪ್ಪತ್ತು ಬಂದಿದ್ವು, ಭಾಳ ಹೊತ್ತು ನಿಲ್ಲಲಿಲ್ಲ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದಿದ್ದಕ್ಕ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಮಾತ್ರ ಸಾವಕಾಶ ನೋಡಿದ್ವಿ. ಬಾದಾಮಿಯೊಳಗ ಪದರ ಹೆಂಗ ಮಲಗೇತಿ ಹಂಗ ಇರತೈತಿ, ಇಲ್ಲಿ ಕಲ್ಲು ಎಬ್ಬಿಸಿ ತಂದು ಕಟ್ಟಿದ್ದು. ಮಾವ ಹೊರಗಿನ ಗ್ವಾಡಿಯೊಳಗ ಒಂದೊಂದು ಕಲ್ಲಿನ ಪದರ ಯಾವ ಕಡೆ ಐತಿ ಅಂತ ನೋಡಕೋತ ಹೊಂಟ. ಪದರ ಮಲಗಿಸಿ ಇಟ್ಟ ಕಲ್ಲಿನ ಮೂರ್ತಿ ಚೂಪ ಉಳದಾವ, ಪದರ ನೆಟ್ಟಗ ನಿಲ್ಲಿಸಿ ಇಟ್ಟ ಕಡೆ ಹಪ್ಪಳ ಎದ್ದಂಗ ಚಕ್ಕಿ ಎದ್ದಾವ. ಮಳಿ ನೀರು ಪದರದ ಸಂದಿಗೆ ಇಳಿಯಾಕ ದಾರಿ ಆಗತೈತಿ, ಅದಕ್ಕ.

ಐಹೊಳಿಗೆ ಮಧ್ಯಾಹ್ನ ಮೂರಕ್ಕ. ದುರ್ಗದ ಗುಡಿ ನೋಡಿ ಮೇಗುತಿ ಗುಡ್ಡ ಏರಿದ್ವಿ, ಮಾವ ಇದಕ್ಕ ಮಾತ್ರ ಹಟ ಹಿಡದು ಕೋಲು ಊರಕೋತ ಏರಿದ, ನಾಲ್ಕು ಕಡೆ ಕುಂತು. ಮ್ಯಾಲ ರವಿಕೀರ್ತಿಯ 634ರ ಶಾಸನ ಇರೋ ಜಿನಾಲಯ, ಅದರ ಹಿಂದ ಗುಡ್ಡದ ಬಯಲಿನ್ಯಾಗ ಯಾರೂ ಹೋಗದ ಕಡೆ ಕಲ್ಗೋರಿ ಅದಾವ, ಗುಡಿಗಿಂತ ಭಾಳ ಹಳೇವು. ಮೂರು ಕಡೆ ಹಾಸುಗಲ್ಲು ನಿಲ್ಲಿಸಿ ಮ್ಯಾಲ ಒಂದು ಹಾಸುಗಲ್ಲು ಹೇರ್ಯಾರ, ಅಷ್ಟ. ಕಬ್ಬಿಣದ ಉಳಿ ಗುರುತು ಒಂದೂ ಕಾಣಲಿಲ್ಲ. ಬೇಕಾಗೂ ಇಲ್ಲ, ಯಾಕಂದ್ರ ಇಲ್ಲಿ ಪದರ ತಾನ ಗೇಣು ಗೇಣು ದಪ್ಪಕ್ಕ ಬಿಡತೈತಿ, ಬಿರುಕು ತಾನ ಚೌಕ ಮಾಡಿ ಕೊಡತೈತಿ, ಮೀಟಿ ಎಬ್ಬಿಸಿದ್ರ ಹಲಗಿ ಸಿಕ್ಕಂಗ.

ಒಂದು ಗೋರಿಯ ಮುಚ್ಚಳದ ಕಲ್ಲಿನ ಮ್ಯಾಲ ಸಂಜಿ ಬಿಸಲು ಓರಿ ಬಿದ್ದಾಗ ಸಣ್ಣ ಅಲಿ ಕಂಡ್ವು, ಬೆರಳಗಲ ಬೆರಳಗಲ ದೂರಕ್ಕ ಒಂದರ ಹಿಂದ ಒಂದು. ಕೆರಿ ದಂಡಿ ಉಸುಕಿನ ಮ್ಯಾಲ ನೀರು ಬಿಟ್ಟು ಹೋಗತೈತಲ್ಲ, ಅದ. ಮಧ್ಯಾಹ್ನದ ನೆತ್ತಿ ಬಿಸಲಿನ್ಯಾಗ ಬಂದಿದ್ರ ಕಾಣ್ತಿರಲಿಲ್ಲ. ನಾನು ನೋಟ್‌ಬುಕ್ ತಗದೆ, ಮಾವ "ಇದನ್ನ ನಾ ಹೇಳತೀನಿ, ನೀ ಬರಿ" ಅಂದ. ಅಂವ ಹೇಳಿದ್ದು ಹಂಗ ಬರದೀನಿ:

"ಹೊರಗ ಕಪ್ಪಗ ಕಾಯಿ ಕಟ್ಟೇತಿ, ಮೂಲಿ ಒಡದಲ್ಲಿ ತಿಳಿಗೆಂಪು. ಕಾಳು ರವಾದಷ್ಟು, ಎಲ್ಲಾ ಒಂದ ಅಳತಿ, ಜೇಡಿ ಇಲ್ಲ. ಬಿಳಿ ಚುಕ್ಕಿ ಅಲ್ಲೊಂದು ಇಲ್ಲೊಂದು. ದಪ್ಪ ಒಂದು ಗೇಣು ನಾಲ್ಕು ಬೆರಳು. ಮ್ಯಾಲ ನೀರಿನ ಅಲಿ ಐತಿ, ಅಲಿ ಮ್ಯಾಲ ಮುಖ ಮಾಡ್ಯಾವ, ಅಂದ್ರ ಎಬ್ಬಿಸಿದಾವ ಕಲ್ಲು ಬೋರಲ ಹಾಕಿಲ್ಲ, ಹೆಂಗಿತ್ತೋ ಹಂಗ ತಂದು ಇಟ್ಟಾನ."